ಬಸ್ಸಲ್ಲಿ ಹೋದ್ರೆ ವಾಂತಿ ಬರುತ್ತಾ? ಕಣ್ಣಿನ ಆಪರೇಷನ್ ಮಾಡುವ ಕೋಣೆಯಿಂದ ನನ್ನ ಅನುಭವ

ಆಪರೇಷನ್‌ನ ಹಿಂದಿನ ದಿನ ಮಗುವನ್ನು ನೋಡಲು ವಾರ್ಡಿಗೆ ಹೋದಾಗ ನಾನು ಕೇಳುವ ಮೊದಲ ಪ್ರಶ್ನೆ ಇದು. ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕಣ್ಣು ತೋರಿಸಲು ಬಂದರೆ ಈ ಡಾಕ್ಟರ್ ಬಸ್ಸಿನ ವಿಷಯ ಯಾಕೆ ಕೆದಕುತ್ತಾರೆ ಅಂತ. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ಬಾಯಿ ಬಿಡುತ್ತಾಳೆ: "ಅಯ್ಯೋ ಸಾರ್, ಘಾಟಿ ಇಳಿಯುವಾಗ ಮೂರು ಸಲ ಆಯ್ತು. ಕವರ್ ಇಟ್ಟುಕೊಂಡೇ ಬಸ್ ಹತ್ತೋದು ನಾವು." ನನಗೆ ಅಷ್ಟು ಸಾಕು. ಕೇಸ್ ಶೀಟಿನ ಮೂಲೆಯಲ್ಲಿ 'ಬಸ್' ಅಂತ ಬರೆದು ಕೆಳಗೆ ಕೆಂಪು ಗೆರೆ ಎಳೆಯುತ್ತೇನೆ. ಬಸ್ಸಿನಲ್ಲಿ ವಾಂತಿ ಆಗುವವರಿಗೆ ಆಪರೇಷನ್ ಆದ ಮೇಲೂ ವಾಂತಿಯ ಭಯ ಜಾಸ್ತಿ.

ನಾನು ಅರಿವಳಿಕೆ ಡಾಕ್ಟರ್. ಜನರ ಬಾಯಲ್ಲಿ 'ಮತ್ತು ಕೊಡೋ ಡಾಕ್ಟ್ರು'. ಕರಾವಳಿಯ ಒಂದು ಊರಿನಲ್ಲಿ ಕೆಲಸ. ಚಾರ್ಮಾಡಿ ಘಾಟಿ ಇಳಿದು ಮೂಡಿಗೆರೆ, ಕೊಟ್ಟಿಗೆಹಾರದ ಕಡೆಯಿಂದ ಬರುವ ಮಕ್ಕಳು ನಮ್ಮಲ್ಲಿ ಜಾಸ್ತಿ. ಅದರಲ್ಲೂ ಮೆಳ್ಳೆಗಣ್ಣಿನ ಆಪರೇಷನ್‌ಗೆ. ಮೆಳ್ಳೆಗಣ್ಣು ಅದೃಷ್ಟ ಅಂತ ಸುಮ್ನೆ ಬಿಟ್ಟುಕೊಂಡು, ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳಲು ಶುರು ಮಾಡಿದ ಮೇಲೆ ಕರೆದುಕೊಂಡು ಬರುತ್ತಾರೆ. ಅದು ಬೇರೆ ಕಥೆ.

ಬಸ್ಸಿನ ಪ್ರಶ್ನೆಯನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಪುಸ್ತಕದಲ್ಲಿ ಇತ್ತು, ಪರೀಕ್ಷೆಗೆ ಬರೆದೂ ಇದ್ದೆ. ತಲೆಗೆ ಹೋದದ್ದು ಆರು ವರ್ಷದ ಒಬ್ಬ ಹುಡುಗನಿಂದ.

ಆಗ ನನಗೆ ಕೆಲಸ ಹೊಸದು. ಎರಡೂ ಕಣ್ಣಿನ ಸ್ನಾಯು ಸರಿಪಡಿಸಬೇಕಿತ್ತು. ಮಗುವಿಗೆ ನೋವಾಗಬಾರದು ಅಂತ ಫೆಂಟನಿಲ್ ಅನ್ನುವ ಮಾರ್ಫಿನ್ ಜಾತಿಯ ಔಷಧಿಯನ್ನು ಧಾರಾಳವಾಗಿ ಕೊಟ್ಟೆ. ನೈಟ್ರಸ್ ಆಕ್ಸೈಡ್ ಅನ್ನುವ ಮತ್ತಿನ ಗ್ಯಾಸ್ ಹಾಕಿದೆ, ಆಗೆಲ್ಲ ಅದು ಅಭ್ಯಾಸ. ಎರಡೂ ವಾಂತಿ ಹೆಚ್ಚಿಸುವಂಥವು. ವಾಂತಿ ತಡೆಯುವ ಇಂಜೆಕ್ಷನ್ ಕೊಡಲಿಲ್ಲ. 'ಆದರೆ ಕೊಡೋಣ' ಅನ್ನುವ ಲೆಕ್ಕ. ಹನ್ನೆರಡು ಗಂಟೆಗೆ ಹುಡುಗ ಎದ್ದ, ನಕ್ಕ. ನಾನು ಊಟಕ್ಕೆ ಹೋದೆ. ಒಂದೂವರೆಗೆ ಶುರುವಾಯಿತು. ಮೊದಲು ಅಜ್ಜಿ ಕುಡಿಸಿದ್ದ ಹಾಲು ಬಂತು, ಆಮೇಲೆ ನೀರು, ಆಮೇಲೆ ಹಳದಿ ಪಿತ್ತ. ಸಂಜೆಯ ಹೊತ್ತಿಗೆ ತಂದಿದ್ದ ಬಟ್ಟೆಯೆಲ್ಲ ಮುಗಿದು ಹುಡುಗನಿಗೆ ಅಪ್ಪನ ಅಂಗಿ ತೊಡಿಸಿದ್ದರು. ತೋಳು ಮೊಣಕಾಲಿನವರೆಗೆ ಜೋತು ಬಿದ್ದಿತ್ತು. ಒಂದೊಂದು ಸಲ ಕಕ್ಕುವಾಗಲೂ ಊದಿಕೊಂಡ ಕಣ್ಣನ್ನು ಎರಡು ಕೈಯಲ್ಲಿ ಒತ್ತಿ ಹಿಡಿಯುತ್ತಿದ್ದ. ರಾತ್ರಿಯೆಲ್ಲ ಡ್ರಿಪ್ ಹಾಕಿದೆವು.

ಕಣ್ಣು ಮಾತ್ರ ನೆಟ್ಟಗಾಗಿತ್ತು. ಸರ್ಜನ್ ಕೆಲಸ ನೋಡಿದರೆ ಕೈ ಮುಗಿಯಬೇಕು, ಹಾಗಿತ್ತು. ಆದರೆ ಆ ಅಪ್ಪ ಊರಿಗೆ ಹೋಗಿ ಹೇಳಿದ್ದು ಕಣ್ಣಿನ ವಿಷಯವನ್ನಲ್ಲ. "ಆಪರೇಷನ್ ಏನೋ ಆಯ್ತು, ಹುಡುಗ ಮಾತ್ರ ಹೋಗೇ ಬಿಡ್ತಾನೆ ಅನ್ನೋ ಹಾಗಾಗಿತ್ತು" ಅಂತ. ಅದೇ ಊರಿನ ಇನ್ನೊಂದು ಮಗುವಿನ ಮನೆಯವರು ತಾರೀಖು ಕೊಟ್ಟಿದ್ದರೂ ಬರಲಿಲ್ಲ. ಫೋನ್ ಮಾಡಿದರೆ ಕಾರಣ ಇದೇ.

ಆವತ್ತಿನಿಂದ ನನ್ನ ನೋಟ್‌ಬುಕ್ಕಿನಲ್ಲಿ 'ವಾಂತಿ' ಅಂತ ಒಂದು ಕಾಲಂ ಶುರುವಾಯಿತು.

ಕಣ್ಣಿಗೂ ಹೊಟ್ಟೆಗೂ ಏನು ಸಂಬಂಧ ಅಂತ ಎಲ್ಲರೂ ಕೇಳುತ್ತಾರೆ. ಇದನ್ನು ಆಪರೇಷನ್ ಟೇಬಲ್ ಪಕ್ಕ ನಿಂತು ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಕಣ್ಣುಗುಡ್ಡೆಯನ್ನು ಆಡಿಸುವ ಸ್ನಾಯುವಿನ ಅಡಿಗೆ ಸರ್ಜನ್ ಸಣ್ಣ ಕೊಕ್ಕೆ ತೂರಿಸಿ ಎತ್ತುತ್ತಾರೆ. ಅಷ್ಟೇ. ಟಿಕ್ ಟಿಕ್ ಟಿಕ್ ಅಂತ ಓಡುತ್ತಿದ್ದ ಮಾನಿಟರ್ ಇದ್ದಕ್ಕಿದ್ದ ಹಾಗೆ ಟಿಕ್... ಟಿಕ್...... ಆಗುತ್ತದೆ. 110 ಇದ್ದ ಎದೆಬಡಿತ 60ಕ್ಕೆ ಇಳಿಯುತ್ತದೆ. "ಬಿಡಿ ಸರ್" ಅಂತೀನಿ. ಅವರು ಕೊಕ್ಕೆ ಸಡಿಲ ಬಿಡುತ್ತಾರೆ. ನಾಲ್ಕೈದು ಸೆಕೆಂಡ್, ಮತ್ತೆ ಟಿಕ್ ಟಿಕ್ ಟಿಕ್. ಕಣ್ಣಿನ ಸುದ್ದಿ ಐದನೇ ತಲೆನರದಲ್ಲಿ ಮಿದುಳಿನ ಬುಡಕ್ಕೆ ಹೋಗಿ, ಅಲ್ಲಿಂದ ಹತ್ತನೇ ನರ ಹಿಡಿದು ಎದೆಗೆ ಇಳಿಯುತ್ತದೆ. ಹತ್ತನೆಯದೇ ವೇಗಸ್. 1908ರಲ್ಲಿ ವಿಯೆನ್ನಾದ ಆಶ್ನರ್, ಇಟಲಿಯ ಡಾಗ್ನಿನಿ ಇಬ್ಬರೂ ಬೇರೆ ಬೇರೆಯಾಗಿ ಇದನ್ನು ಬರೆದಿಟ್ಟರು. ಇದೇ ವೇಗಸ್ ನರ ಹೊಟ್ಟೆಗೂ ಹೋಗುತ್ತದೆ. ವಾಂತಿಯನ್ನು ಆಡಿಸುವ ಜಾಗವೂ ಮಿದುಳಿನ ಬುಡದಲ್ಲಿ, ಪಕ್ಕದ ಮನೆಯಲ್ಲೇ ಇದೆ. ಸ್ನಾಯು ಎಳೆದರೆ ಎದೆ ನಿಧಾನವಾಗುವ ಹಾಗೆ ಹೊಟ್ಟೆಯೂ ತೊಳಸುತ್ತದೆ ಅನ್ನುವುದು ಒಂದು ವಾದ. ಎದೆಬಡಿತ ಇಳಿದವರಿಗೇ ವಾಂತಿ ಜಾಸ್ತಿ ಅನ್ನುವುದನ್ನು ಎಲ್ಲರೂ ಒಪ್ಪುವುದಿಲ್ಲ. ನಾನಂತೂ ಸರ್ಜನ್‌ಗೆ "ಮೆತ್ತಗೆ ಎಳೆಯಿರಿ" ಅಂತ ಹೇಳುವುದನ್ನು ಬಿಟ್ಟಿಲ್ಲ.

ಇನ್ನೊಂದು ಕಾರಣ ನಮ್ಮ ಘಾಟಿಯ ಜನಕ್ಕೆ ಬೇಗ ಅರ್ಥವಾಗುತ್ತದೆ. ಬಸ್ಸಿನಲ್ಲಿ ಕೂತು ಪುಸ್ತಕ ಓದಿದರೆ ಏನಾಗುತ್ತದೆ? 'ನಾನು ಅಲ್ಲಾಡ್ತಾ ಇಲ್ಲ' ಅಂತ ಕಣ್ಣು, 'ಅಲ್ಲಾಡ್ತಾ ಇದೀಯ' ಅಂತ ಒಳಗಿವಿ. ಇಬ್ಬರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಮೆಳ್ಳೆಗಣ್ಣನ್ನು ನೆಟ್ಟಗೆ ಮಾಡಿದ ಮೇಲೂ ಅಂಥದ್ದೇ ಜಗಳ. ಇಷ್ಟು ವರ್ಷ ಒಂದು ಥರ ನೋಡುತ್ತಿದ್ದ ಮಿದುಳಿಗೆ ಒಂದೇ ಬೆಳಗ್ಗೆ ಬೇರೆ ಚಿತ್ರ. ಕೆಲವರಿಗೆ ಕೆಲವು ದಿನ ಎರಡೆರಡು ಕಾಣುವುದೂ ಉಂಟು.

ಮಕ್ಕಳಲ್ಲಿ ಯಾರಿಗೆ ವಾಂತಿಯ ಭಯ ಜಾಸ್ತಿ ಅಂತ ಲೆಕ್ಕ ಹಾಕಲು 2004ರಲ್ಲಿ ಜರ್ಮನಿಯ ಎಬರ್‌ಹಾರ್ಟ್ ಮತ್ತು ಸಂಗಡಿಗರು ಒಂದು ಸುಲಭದ ಅಂಕಪಟ್ಟಿ ಮಾಡಿದರು. ವಯಸ್ಸು ಮೂರು ಅಥವಾ ಹೆಚ್ಚು, ಆಪರೇಷನ್ 30 ನಿಮಿಷ ಅಥವಾ ಹೆಚ್ಚು, ಆಪರೇಷನ್ ಮೆಳ್ಳೆಗಣ್ಣಿನದು, ಮಗುವಿಗೋ ಅಪ್ಪ ಅಮ್ಮ ಒಡಹುಟ್ಟಿದವರಿಗೋ ಆಪರೇಷನ್ ಆದಾಗ ಹೀಗೆ ಆಗಿತ್ತು. ಒಂದೊಂದಕ್ಕೂ ಒಂದು ಅಂಕ. ನಾಲ್ಕೂ ಇದ್ದರೆ ನೂರಕ್ಕೆ 70ರಷ್ಟು ಮಕ್ಕಳು ಕಕ್ಕುತ್ತಾರೆ, ಮೂರಿದ್ದರೆ 55. ನಮ್ಮ ಮೇಜಿಗೆ ಬರುವ ಮಗು ಬಾಗಿಲು ದಾಟುವಾಗಲೇ ಮೂರು ಅಂಕ ತಗೊಂಡು ಬಂದಿರುತ್ತದೆ, ಅಲ್ವಾ? 'ಆದರೆ ಕೊಡೋಣ' ಅಂತ ಕೂತ ನನ್ನ ಲೆಕ್ಕ ಅಲ್ಲೇ ತಪ್ಪಿತ್ತು. ಬಸ್ಸಿನ ಪ್ರಶ್ನೆ ಆ ಪಟ್ಟಿಯಲ್ಲಿ ಇಲ್ಲ. ಅದು ದೊಡ್ಡವರ ಪಟ್ಟಿಯಲ್ಲಿದೆ, 1999ರಲ್ಲಿ ಆಪ್‌ಫೆಲ್ ಮಾಡಿದ್ದು: ಹೆಂಗಸು, ಸಿಗರೇಟು ಸೇದದವರು, ಹಿಂದೆ ಆಪರೇಷನ್‌ನಲ್ಲೋ ಪ್ರಯಾಣದಲ್ಲೋ ವಾಂತಿ ಆದವರು, ಆಮೇಲೆ ಮಾರ್ಫಿನ್ ಜಾತಿಯ ನೋವಿನ ಔಷಧಿ ಬೇಕಾದವರು. ಬೀಡಿ ಸೇದುವವರಿಗೆ ವಾಂತಿ ಕಡಿಮೆ ಅಂತ ಒಬ್ಬ ಮೀನುಗಾರರಿಗೆ ಬಾಯಿತಪ್ಪಿ ಹೇಳಿದೆ. "ನೋಡಿ ಡಾಕ್ಟ್ರೇ, ಒಂದಾದರೂ ಲಾಭ ಇದೆಯಲ್ಲ" ಅಂದರು. ಇನ್ನು ಆ ಮಾತು ಎತ್ತುವುದಿಲ್ಲ.

ಈಗ ನಾನು ಮಾಡುವುದು ಹೇಗೆ ಅಂತ ಹೇಳುತ್ತೇನೆ. ಮೊದಲ ಕೆಲಸ ಔಷಧಿಯಲ್ಲ, ಉಪವಾಸದ ಚೀಟಿ. ನಮ್ಮಲ್ಲಿ ಹಿಂದೆ 'ರಾತ್ರಿ 10ರ ಮೇಲೆ ಏನೂ ಕೊಡಬೇಡಿ' ಅಂತ ಎಲ್ಲರಿಗೂ ಒಂದೇ ಚೀಟಿ. ಲಿಸ್ಟಿನಲ್ಲಿ ಮೂರನೆಯ ಮಗುವಿನ ಸರದಿ ಬರುವಾಗ ಹನ್ನೊಂದೂವರೆ. ಹದಿಮೂರೂವರೆ ಗಂಟೆ ನೀರಿಲ್ಲದ ಮಗು ಮಂಕಾಗಿ, ತುಟಿ ಒಣಗಿ, ಅತ್ತು ಅತ್ತು ಗಾಳಿ ನುಂಗಿ ಬರುತ್ತಿತ್ತು. ಈಗ ಒಂದೊಂದು ಮಗುವಿಗೂ ಬೇರೆ ಚೀಟಿ. ಊಟ ತಿಂಡಿ ಆರು ಗಂಟೆ ಮುಂಚೆ ನಿಲ್ಲಿಸಬೇಕು, ಜಿಡ್ಡಿನ ಊಟವಾದರೆ ಎಂಟು. ದನದ ಹಾಲಿಗೂ ಆರು ಗಂಟೆ. ಎದೆಹಾಲಾದರೆ ನಾಲ್ಕು. ನೀರು, ಸಕ್ಕರೆ ನೀರು ಎರಡು ಗಂಟೆ ಮುಂಚಿನವರೆಗೂ ಕುಡಿಯಬಹುದು. ಚೀಟಿ ಕೊಟ್ಟರಷ್ಟೇ ಸಾಲದು, ಬಾಯಲ್ಲಿ ಹೇಳಬೇಕು. "ಏನೂ ಕೊಟ್ಟಿಲ್ಲ ಸಾರ್, ಒಂದು ಲೋಟ ಹಾರ್ಲಿಕ್ಸ್ ಅಷ್ಟೇ" ಅಂದವರಿದ್ದಾರೆ. ಗಂಜಿ ತಿಳಿ ನೀರಿನ ಹಾಗೆ ಕಂಡರೂ ನನ್ನ ಲೆಕ್ಕದಲ್ಲಿ ಅದು ಊಟವೇ. ಬೆಳಗ್ಗೆ ಆರು ಗಂಟೆಗೆ ನರ್ಸ್ ಹೋಗಿ ಎಬ್ಬಿಸಿ ಸಕ್ಕರೆ ನೀರು ಕುಡಿಸುತ್ತಾರೆ. ಇದನ್ನು ಒಪ್ಪಿಸಲು ನನಗೆ ಹಿಡಿದದ್ದು ಎರಡು ತಿಂಗಳು. ನೈಟ್ರಸ್ ಬಿಡಿಸಲು ಕೂಡ ಅಷ್ಟು ಹಿಡಿಯಲಿಲ್ಲ.

ಮಲಗಿಸುವಾಗ ಪ್ರೊಪೊಫಾಲ್ ಕೊಡುತ್ತೇನೆ. ಹಾಲಿನ ಹಾಗೆ ಬೆಳ್ಳಗಿರುವ ಔಷಧಿ. ವಾಂತಿಯ ಭಯ ಜಾಸ್ತಿ ಇರುವ ಮಗುವಿಗೆ, ಅಂದರೆ 'ಬಸ್' ಅಂತ ಕೆಂಪು ಗೆರೆ ಇರುವವರಿಗೆ, ಕೊನೆಯವರೆಗೂ ಅದನ್ನೇ ಪಂಪಿನಲ್ಲಿ ಹರಿಸುತ್ತೇನೆ, ಗ್ಯಾಸ್ ಬಳಸುವುದಿಲ್ಲ. ವಾಂತಿ ಕಡಿಮೆಯಾಗುತ್ತದೆ. ಆದರೆ ಪ್ರೊಪೊಫಾಲ್‌ನಲ್ಲಿ ಸ್ನಾಯು ಎಳೆದಾಗ ಎದೆಬಡಿತ ಇನ್ನೂ ಜೋರಾಗಿ ಇಳಿಯುತ್ತದೆ. ಅದಕ್ಕೆ ಎದೆಬಡಿತ ಏರಿಸುವ ಅಟ್ರೋಪಿನ್ ಕೆ.ಜಿ.ಗೆ 0.02 ಮಿ.ಗ್ರಾಂ ಲೆಕ್ಕದಲ್ಲಿ ಸಿರಿಂಜಿಗೆ ಎಳೆದು, ಹೆಸರು ಬರೆದು, ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳುತ್ತೇನೆ. ಒಂದು ಕಡೆ ಉಳಿಸಲು ಹೋಗಿ ಇನ್ನೊಂದು ಕಡೆ ಕೈ ಸುಟ್ಟುಕೊಳ್ಳಬಾರದು.

ಮಗು ಮಲಗಿದ ಕೂಡಲೇ ವಾಂತಿ ತಡೆಯಲು ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡ್, ಕೆ.ಜಿ.ಗೆ 0.15 ಮಿ.ಗ್ರಾಂ, ಹೆಚ್ಚೆಂದರೆ 5. ಇದು ನಿಧಾನಕ್ಕೆ ಕೆಲಸ ಮಾಡುವ ಔಷಧಿ, ಅದಕ್ಕೇ ಮೊದಲೇ ಕೊಡಬೇಕು. 'ಮಲಗಿದ ಕೂಡಲೇ' ಅನ್ನುವುದಕ್ಕೂ ಕಾರಣ ಇದೆ. ಎಚ್ಚರ ಇರುವವರಿಗೆ ಬೇಗ ಬೇಗ ಕೊಟ್ಟರೆ ಕೂರುವ ಜಾಗದಲ್ಲಿ ಕೆಂಜಿಗ ಇರುವೆ ಮುತ್ತಿದ ಹಾಗಾಗುತ್ತದೆ. ಒಬ್ಬ ಟೀಚರಮ್ಮ ಟೇಬಲ್ ಮೇಲಿಂದ ಎದ್ದೇ ಬಿಟ್ಟಿದ್ದರು. ಪಾಪ, ಏನಾಯ್ತು ಅಂತ ಕೇಳಿದರೆ ಹೇಳಲೂ ನಾಚಿಕೆ. ಸಕ್ಕರೆ ಕಾಯಿಲೆ ಇರುವ ದೊಡ್ಡವರಿಗೆ ಕೊಡುವ ಮುಂಚೆ ಸಕ್ಕರೆ ನೋಡಿಕೊಳ್ಳುತ್ತೇನೆ, ಏರಿಸುತ್ತದೆ ಅದು.

ಆಪರೇಷನ್ ಮುಗಿಯುವ ಹೊತ್ತಿಗೆ ಒಂಡಾನ್ಸೆಟ್ರಾನ್. ಎಮಿಸೆಟ್ ಅಂದರೆ ನಿಮಗೆ ಗೊತ್ತಿರಬಹುದು. ಕ್ಯಾನ್ಸರ್ ಔಷಧಿಯ ವಾಂತಿಗೆ ಅಂತ ಬಂದದ್ದು, ಅಮೆರಿಕದಲ್ಲಿ 1991ರಲ್ಲಿ ಒಪ್ಪಿಗೆ ಸಿಕ್ಕಿತು. ಕೆ.ಜಿ.ಗೆ 0.1 ಮಿ.ಗ್ರಾಂ, ಹೆಚ್ಚೆಂದರೆ 4. ಇಪ್ಪತ್ತು ಕೆ.ಜಿ. ಮಗುವಿಗೆ 2 ಮಿ.ಗ್ರಾಂ, ಅಂದರೆ ಆಂಪೂಲಿನಲ್ಲಿ ಅರ್ಧ. ಇಸಿಜಿಯಲ್ಲಿ ಕ್ಯೂಟಿ, ಅಂದರೆ ಒಂದೊಂದು ಬಡಿತಕ್ಕೂ ಹೃದಯದ ವಿದ್ಯುತ್ ತಗೊಳ್ಳುವ ಸಮಯ, ಉದ್ದ ಇರುವವರಿಗೆ ಕೊಡುವುದಿಲ್ಲ. ಒಂದೇ ಔಷಧಿಯನ್ನು ಜಾಸ್ತಿ ಕೊಡುವುದಕ್ಕಿಂತ ಬೇರೆ ಬೇರೆ ದಾರಿಯ ಎರಡು ಕೊಟ್ಟರೆ ಲಾಭ. 2004ರಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ, ಐದು ಸಾವಿರಕ್ಕೂ ಹೆಚ್ಚು ದೊಡ್ಡವರ ಮೇಲೆ ನೋಡಿದ್ದು, ಒಂದೊಂದು ವಾಂತಿ ಔಷಧಿಯೂ ಅಪಾಯವನ್ನು ಕಾಲು ಭಾಗದಷ್ಟು ಇಳಿಸಿತ್ತು. ಎರಡನೆಯದು ಉಳಿದದ್ದರಲ್ಲಿ ಕಾಲು ಭಾಗ. ಸಾಲ ತೀರಿಸಿದ ಹಾಗೆ, ಪೂರ್ತಿ ಸೊನ್ನೆ ಆಗುವುದೇ ಇಲ್ಲ. ಮೆಟೊಕ್ಲೋಪ್ರಮೈಡ್ ಅನ್ನುವ ಇನ್ನೊಂದು ವಾಂತಿ ತಡೆಯುವ ಔಷಧಿಯನ್ನು ಮಕ್ಕಳಿಗೆ ಕೊಡುವುದು ಬಿಟ್ಟಿದ್ದೇನೆ. ಕೆಲವು ಮಕ್ಕಳಿಗೆ ಕುತ್ತಿಗೆ ತಿರುಚಿಕೊಂಡು, ಕಣ್ಣು ಮೇಲೆ ಸಿಕ್ಕಿಕೊಂಡ ಹಾಗಾಗುತ್ತದೆ. ಕಣ್ಣಿನ ಆಪರೇಷನ್ ಆದ ಮಗುವಿಗೆ ಹಾಗಾದರೆ ಅಪ್ಪ ಅಮ್ಮನ ಗತಿ ಏನು!

ನೋವಿಗೆ ಈಗ ಫೆಂಟನಿಲ್ ಚೂರೇ ಚೂರು. ಪ್ಯಾರಾಸಿಟಮಾಲ್ ಮೊದಲೇ ಹರಿಸುತ್ತೇನೆ. ಸರ್ಜನ್ ಕಣ್ಣಿನ ಬಿಳಿಗುಡ್ಡೆಯ ಹೊರಪದರದ ಅಡಿಗೆ ಮೊಂಡು ತುದಿಯ ಸಣ್ಣ ಕೊಳವೆಯಲ್ಲಿ ಮರಗಟ್ಟಿಸುವ ಔಷಧಿ ಬಿಡುತ್ತಾರೆ. ಅದರಿಂದ ನೋವೂ ಕಡಿಮೆ, ಎದೆಬಡಿತ ಇಳಿಯುವುದೂ ಕಡಿಮೆ, ವಾಂತಿಯೂ ಕಡಿಮೆ. ಮೊದಲು ಅವರಿಗೆ ಇಷ್ಟ ಇರಲಿಲ್ಲ, ಜಾಗ ಊದಿಕೊಳ್ಳುತ್ತೆ ಅಂತ. ಮಧ್ಯಾಹ್ನ ವಾರ್ಡು ಶಾಂತವಾಗಿರುವುದನ್ನು ನೋಡಿದ ಮೇಲೆ ಅವರೇ ಕೇಳಿ ಹಾಕುತ್ತಾರೆ.

ಮಣಿಕಟ್ಟಿನ ಒತ್ತುಬಿಂದುವನ್ನೂ ಮಾಡಿ ನೋಡಿದೆ. ಮಣಿಕಟ್ಟಿನ ಗೆರೆಯಿಂದ ಮಗುವಿನದೇ ಮೂರು ಬೆರಳು ಹಿಂದಕ್ಕೆ, ಎರಡು ನರಗಳ ಹಾಗೆ ಕಾಣುವ ಗಟ್ಟಿ ಹುರಿಗಳ ನಡುವೆ. ಚೀನಾದ ಹಳೆ ಪದ್ಧತಿ. ಅಧ್ಯಯನಗಳಲ್ಲಿ ಉಪಯೋಗ ಇದೆ ಅಂತಲೇ ಬಂದಿದೆ. ಇದಕ್ಕೆಂದೇ ಬರುವ ಪಟ್ಟಿ ಸಿಗದೆ ಒಣ ಬಟಾಣಿ ಕಾಳು ಇಟ್ಟು ಪ್ಲಾಸ್ಟರ್ ಹಾಕಿದೆ. ಒಬ್ಬ ಹುಡುಗ ಎದ್ದವನೇ ಅದನ್ನು ಕಿತ್ತು ಬಾಯಿಗೆ ಹಾಕಿಕೊಂಡ. ಆ ಪ್ರಯೋಗ ಅಲ್ಲಿಗೆ ನಿಂತಿತು.

ಎದ್ದ ಮೇಲಿನ ಎರಡು ಗಂಟೆಯಲ್ಲಿ ನನ್ನ ಶತ್ರು ಪ್ರೀತಿ. ಅಜ್ಜಿಯರ ಪ್ರೀತಿ. "ನಿನ್ನೆ ರಾತ್ರಿಯಿಂದ ಹೊಟ್ಟೆಗೆ ಇಲ್ಲ, ಎರಡೇ ತುತ್ತು" ಅಂತ ಇಡ್ಲಿ ಕಿವುಚಿ ಬಾಯಿಗೆ ಇಡುತ್ತಾರೆ. ನಾವು ಡಾಕ್ಟರುಗಳೂ ಕಡಿಮೆ ಇರಲಿಲ್ಲ. 'ನೀರು ಕುಡಿದು ಉಳಿಸಿಕೊಂಡರೆ ಮಾತ್ರ ಡಿಸ್ಚಾರ್ಜ್' ಅನ್ನುತ್ತಿದ್ದೆವು. ಬಲವಂತವಾಗಿ ಕುಡಿಸಿದ ಮಕ್ಕಳೇ ಜಾಸ್ತಿ ಕಕ್ಕುತ್ತಾರೆ. ಈಗ ಡ್ರಿಪ್‌ನಲ್ಲಿ ನೀರು ಸರಿಯಾಗಿ ತುಂಬಿಸಿರುತ್ತೇವೆ, ಮಗು ತಾನಾಗಿ ಕೇಳುವವರೆಗೂ ಏನೂ ಇಲ್ಲ. ಕೇಳಿದರೆ ಮೊದಲು ಒಂದು ಗುಟುಕು ನೀರು. ಆಮೇಲೆ ಎಳನೀರು. ಇಡ್ಲಿ ಸಂಜೆಗೆ. ಟ್ರಾಲಿಯನ್ನು ಮೂಲೆ ತಿರುಗಿಸುವಾಗ ನಿಧಾನ. ಪರದೆ ಎಳೆದಿರಬೇಕು. ಅಳುವ ಮಗುವಿನ ಮುಖಕ್ಕೆ ಮೊಬೈಲ್ ಹಿಡಿದು ಕಾರ್ಟೂನ್ ತೋರಿಸುವುದು ಬೇಡ ಅಂತೀನಿ. ಅದಕ್ಕೆ ಅಧ್ಯಯನ ಗಿಧ್ಯಯನ ಕೇಳಬೇಡಿ, ಕಣ್ಣಾರೆ ನೋಡಿದ್ದು.

ದೊಡ್ಡವರ ಪೊರೆ ಆಪರೇಷನ್‌ನಲ್ಲಿ ಈ ಗಲಾಟೆ ಅಷ್ಟಿಲ್ಲ. ಡ್ರಾಪ್ಸ್ ಹಾಕಿ, ಸಣ್ಣ ತೂತಿನಲ್ಲಿ ಮುಗಿಸುತ್ತಾರೆ. ನಮ್ಮ ಅಜ್ಜಿಯ ಕಾಲದಲ್ಲಿ ಹಾಗಿರಲಿಲ್ಲ. ಡಾ. ಎಂ.ಸಿ. ಮೋದಿಯವರ ಕಣ್ಣಿನ ಕ್ಯಾಂಪುಗಳ ಕಾಲ ಅದು. ಕಣ್ಣಿನ ಗಾಯ ದೊಡ್ಡದು, ಕೆಮ್ಮಬೇಡಿ ತಿಣುಕಬೇಡಿ ಅಂತ ಮನೆಯವರು ತಲೆಯ ಪಕ್ಕ ಕಾವಲು ಕೂರುತ್ತಿದ್ದರು. ಒಂದು ಜೋರು ವಾಂತಿಗೆ ಕಣ್ಣಿನ ಒತ್ತಡ ಏರಿ ಒಳಗಿನದು ಹೊರಗೆ ಬರುವ ಭಯ. ಅಕ್ಷಿಪಟಲ, ಅಂದರೆ ಕಣ್ಣಿನೊಳಗಿನ ಹಿಂದಿನ ಪರದೆ, ಕಿತ್ತು ಬಂದವರ ದೊಡ್ಡ ಆಪರೇಷನ್‌ಗಳಲ್ಲಿ ಈಗಲೂ ಮಕ್ಕಳಷ್ಟೇ ಜಾಗ್ರತೆ ಬೇಕು. ಕಣ್ಣೊಳಗೆ ಗ್ಯಾಸ್ ಬಿಟ್ಟು ಮುಖ ಕೆಳಗೆ ಮಾಡಿ ಮಲಗಿಸಿರುತ್ತಾರೆ. ಆ ಭಂಗಿಯಲ್ಲಿ ವಾಂತಿ ಬಂದರೆ ಹೇಗಿರುತ್ತದೆ ಯೋಚಿಸಿ. ಅಲ್ಲಿ ನೈಟ್ರಸ್ ಬೇಡವೇ ಬೇಡ. ಅದು ಕಣ್ಣೊಳಗಿನ ಗುಳ್ಳೆಯನ್ನು ಊದಿಸಿಬಿಡುತ್ತದೆ.

ನಾನೇ ಮಾಡಿದ ಒಂದು ತಪ್ಪು ಹೇಳಿಬಿಡುತ್ತೇನೆ. ಇದು ಮನೆಯಲ್ಲಿರುವವರಿಗೂ ಗೊತ್ತಿರಬೇಕು. ಪೊರೆ ತೆಗೆಸಿಕೊಂಡು ಬೆಳಗ್ಗೆ ಮನೆಗೆ ಹೋಗಿದ್ದ ಒಬ್ಬ ಅಮ್ಮನ ಮಗ ರಾತ್ರಿ ಎಂಟಕ್ಕೆ ಫೋನ್ ಮಾಡಿದ. ಎರಡು ಸಲ ವಾಂತಿ ಆಯ್ತು ಅಂದ. ಔಷಧಿಗೆ ಆಗಿರಬೇಕು, ಒಂದು ಮಾತ್ರೆ ಕೊಡಿ ಅಂದೆ. ಊಟಕ್ಕೆ ಕೂತೆ, ತುತ್ತು ಇಳಿಯಲಿಲ್ಲ. ಡ್ರಾಪ್ಸ್‌ನಲ್ಲಿ ಆದ ಆಪರೇಷನ್, ನಾನು ಮತ್ತಿನ ಔಷಧಿಯೇ ಕೊಟ್ಟಿರಲಿಲ್ಲ. ಹನ್ನೆರಡು ಗಂಟೆ ಕಳೆದ ಮೇಲೆ ಯಾವ ಔಷಧಿಗೆ ವಾಂತಿ? ತಿರುಗಿ ಫೋನ್ ಮಾಡಿ ಕೇಳಿದೆ, ಕಣ್ಣು ನೋವಿದೆಯಾ? "ಹೌದು ಸಾರ್, ಹುಬ್ಬು, ತಲೆಯ ಆ ಅರ್ಧ ಸಿಡೀತಿದೆ ಅಂತಾರೆ. ಗ್ಯಾಸ್ಟ್ರಿಕ್ ಇರಬೇಕು ಅಂತ ಸುಮ್ನಿದ್ವಿ." ಆ ರಾತ್ರಿಯೇ ಕರೆಸಿದೆವು. ಕಣ್ಣಿನ ಒತ್ತಡ ವಿಪರೀತ ಏರಿತ್ತು. ಸರ್ಜನ್ ಬಂದು ಇಳಿಸಿದರು, ವಾಂತಿ ತಾನಾಗಿ ನಿಂತಿತು. ಬೆಳಗ್ಗೆವರೆಗೆ ಬಿಟ್ಟಿದ್ದರೆ ದೃಷ್ಟಿಗೇ ಕುತ್ತು. ಈಗ ನಮ್ಮ ಡಿಸ್ಚಾರ್ಜ್ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಇದೆ: ವಾಂತಿ ಜೊತೆ ಕಣ್ಣು ನೋವು, ತಲೆನೋವು, ಮಸುಕು ಇದ್ದರೆ ಮಾತ್ರೆ ನುಂಗಿ ಮಲಗಬೇಡಿ, ತಕ್ಷಣ ಬನ್ನಿ. ಒತ್ತಡ ಇಳಿಸಲು ಕೊಡುವ ಅಸೆಟಜೋಲಮೈಡ್ ಮಾತ್ರೆಗೇ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಅದೊಂದು ಪೇಚು. ಹಾಗಾಗಿ ಮಾತ್ರೆ ಯಾವಾಗ ನುಂಗಿದರು ಅಂತಲೂ ಕೇಳುತ್ತೇನೆ.

ಕಳೆದ ವರ್ಷ ಕೊಟ್ಟಿಗೆಹಾರದ ಕಡೆಯ ಒಂದು ಹುಡುಗಿ ಬಂದಿದ್ದಳು, ಎಂಟು ವರ್ಷ. ಬಸ್ಸಿನ ಪ್ರಶ್ನೆ ಕೇಳಿದ್ದೇ ತಡ, ಚಡ್ಡಿ ಜೇಬಿನಿಂದ ಒಣಗಿ ಕಪ್ಪಾದ ನಿಂಬೆಹಣ್ಣು ತೆಗೆದು ತೋರಿಸಿದಳು. ಮೂಸಲು ಇಟ್ಟುಕೊಂಡದ್ದು. ಅವಳ ಅಮ್ಮನಿಗೂ ಹೆರಿಗೆ ಆಪರೇಷನ್‌ನಲ್ಲಿ ದಿನವಿಡೀ ವಾಂತಿಯಂತೆ. ನಾಲ್ಕಕ್ಕೆ ನಾಲ್ಕು ಅಂಕ. ಸಕ್ಕರೆ ನೀರಿನಿಂದ ಹಿಡಿದು ಎಲ್ಲವನ್ನೂ ಮಾಡಿದೆ. ಒಳಗಡೆಯ ಸ್ನಾಯು ಎತ್ತಿದಾಗ ಎದೆಬಡಿತ ಎರಡು ಸಲ ಇಳಿಯಿತು, ಎರಡನೆಯ ಸಲಕ್ಕೆ ಅಟ್ರೋಪಿನ್ ಕೊಟ್ಟೆ. ಒಮ್ಮೆ ಎದ್ದು, ಮತ್ತೆ ಮೂರು ಗಂಟೆ ಹೊತ್ತು ನಿದ್ದೆ ಮಾಡಿದಳು. ನಾಲ್ಕು ಗಂಟೆಗೆ ಎಳನೀರು. ಆರಕ್ಕೆ "ಮಸಾಲೆ ದೋಸೆ ಸಿಗುತ್ತಾ?" ಅಂತ ಕೇಳಿದಳು. ಇಡ್ಲಿಗೆ ಒಪ್ಪಿಸಿದೆವು. ಅದೇ ದಿನ ಘಾಟಿ ಹತ್ತಿಸುವುದು ಬೇಡ ಅಂತ ಒಂದು ರಾತ್ರಿ ಇಟ್ಟುಕೊಂಡೆವು. ನೋಟ್‌ಬುಕ್ಕಿನ ಕಾಲಂನಲ್ಲಿ 'ಇಲ್ಲ' ಅಂತ ಬರೆದೆ.

ಮರುದಿನ ಮಧ್ಯಾಹ್ನ ಅವಳ ಅಮ್ಮನ ಫೋನ್. "ಸಾರ್, ವಾಂತಿ ಆಯ್ತು." ನನ್ನ ಎದೆ ಧಸಕ್ಕೆಂದಿತು. ಎಷ್ಟು ಸಲ, ಕಣ್ಣು ನೋವಿದೆಯಾ, ತಲೆ ಸಿಡಿಯುತ್ತಾ ಅಂತ ಒಂದೇ ಉಸಿರಿಗೆ ಕೇಳಿದೆ. ಹಿಂದಿನಿಂದ ಹುಡುಗಿಯ ದನಿ ಕೇಳಿಸಿತು: "ಒಂದೇ ಸಲ! ಯಾವಾಗ್ಲೂ ಆಗೋ ತಿರುವಲ್ಲೇ!"